ಸಾಲ ಮಂಜೂರಾಗಿದೆ, ಸ್ಲ್ಯಾಬ್ ಯಾಕೆ ನಿಂತಿದೆ?

ವಿಜಯಪುರದ ಹೊಸ ಬಡಾವಣೆಗಳಲ್ಲಿ ಒಂದು ಸುತ್ತು ಹಾಕಿದರೆ ಲಿಂಟಲ್ (ಬಾಗಿಲು-ಕಿಟಕಿಗಳ ಮೇಲಿನ ತೊಲೆ) ಮಟ್ಟಕ್ಕೆ ನಿಂತುಹೋದ ಮನೆಗಳು ಕಣ್ಣಿಗೆ ಬೀಳುತ್ತವೆ. ಕಾಲಮ್ಮಿನ ರಾಡುಗಳಿಗೆ ತುಕ್ಕು ಹತ್ತಿರುತ್ತದೆ, ಉಸುಕಿನ ಗುಂಪಿಯ ಮೇಲೆ ಹುಲ್ಲು ಎದ್ದಿರುತ್ತದೆ. ಮಾಲೀಕರನ್ನು ಕೇಳಿದರೆ ಬಹುತೇಕ ಒಂದೇ ಉತ್ತರ: “ಲೋನ್ ಸ್ಯಾಂಕ್ಷನ್ ಆಗೇತ್ರಿ, ಬ್ಯಾಂಕಿನವ್ರು ರೊಕ್ಕ ಬಿಡವಲ್ರು.” ಬ್ಯಾಂಕು ರೊಕ್ಕ ಬಿಡಬೇಕಾದ ಹಂತಕ್ಕೆ ಕೆಲಸವೇ ಬಂದಿಲ್ಲ ಎಂದರೆ ಅವರಿಗೆ ಸಿಟ್ಟು ಬರುತ್ತದೆ. ಆ ಸಿಟ್ಟು ನನಗೆ ಅರ್ಥವಾಗುತ್ತದೆ. ಸಾಲ ಕೊಡುವಾಗ ಯಾರೂ ಇದನ್ನು ಕೂರಿಸಿ ಬಿಡಿಸಿ ಹೇಳಿರುವುದಿಲ್ಲ.

ಮಂಜೂರಾತಿ ಪತ್ರದಲ್ಲಿ 24 ಲಕ್ಷ ಎಂದಿದ್ದರೆ, ಬ್ಯಾಂಕು ನಿಮಗೆ ಹೆಚ್ಚೆಂದರೆ ಅಷ್ಟು ಕೊಡಲು ಒಪ್ಪಿದೆ ಎಂದಷ್ಟೇ ಲೆಕ್ಕ. ದುಡ್ಡು ಬರುವುದು ಕಂತಿನಲ್ಲಿ: ಬುನಾದಿ, ಲಿಂಟಲ್, ಸ್ಲ್ಯಾಬ್, ಪ್ಲಾಸ್ಟರ್, ಫಿನಿಶಿಂಗ್. ಅದಕ್ಕೂ ಮೊದಲು ನಿಮ್ಮ ಪಾಲಿನ ಮಾರ್ಜಿನ್ ಹಣ ಕೆಲಸದಲ್ಲಿ ಬಿದ್ದಿರಬೇಕು. ಎಸ್ಟಿಮೇಟು 30 ಲಕ್ಷ, ಸಾಲ 24 ಲಕ್ಷ ಎಂದರೆ ಉಳಿದ 6 ಲಕ್ಷ ನಿಮ್ಮದು. ಸಾಮಾನ್ಯವಾಗಿ ಆ 6 ಲಕ್ಷವೇ ಮೊದಲು ಖರ್ಚಾಗಬೇಕು, ಕೊನೆಗೆ ಟೈಲ್ಸಿಗೆ ಅಂತ ತೆಗೆದಿಟ್ಟರೆ ನಡೆಯುವುದಿಲ್ಲ. 30 ಲಕ್ಷದವರೆಗಿನ ಸಾಲಕ್ಕೆ ಆಸ್ತಿಯ ಮೌಲ್ಯದ ಶೇ. 90ರವರೆಗೆ ಕೊಡಬಹುದು ಎಂದು ರಿಸರ್ವ್ ಬ್ಯಾಂಕಿನ ನಿಯಮವಿದೆ ನಿಜ. 30ರಿಂದ 75 ಲಕ್ಷಕ್ಕೆ ಶೇ. 80, ಅದರ ಮೇಲೆ ಶೇ. 75. ಇವು ಮೇಲ್ಮಿತಿಗಳು, ನಿಮ್ಮ ಆದಾಯ ನೋಡಿ ಬ್ಯಾಂಕು ಇದಕ್ಕಿಂತ ಕಡಿಮೆ ಕೊಡಬಹುದು. ಸೈಟು ಮೊದಲೇ ನಿಮ್ಮದಾಗಿದ್ದರೆ ಅದರ ಬೆಲೆಯನ್ನು ಮಾರ್ಜಿನ್ ಎಂದು ಹಿಡಿಯುತ್ತಾರೋ ಇಲ್ಲವೋ ಎಂಬುದು ಆಯಾ ಬ್ಯಾಂಕಿಗೆ ಬಿಟ್ಟದ್ದು. ಬಾಯಿಮಾತಿಗೆ ಬಿಡದೆ ಬರಹದಲ್ಲಿ ಕೇಳಿಕೊಳ್ಳಿ.

ಇಷ್ಟು ಎಲ್ಲ ಊರಿಗೂ ಒಂದೇ. ನಮ್ಮ ಕಡೆ ಎಡವಟ್ಟಾಗುವುದು ಮಣ್ಣಿನಿಂದ.

ಡೋಣಿ ಹೊಳೆಯ ಆಸುಪಾಸಿನ ಎರೆ ನೆಲ ಜೋಳಕ್ಕೆ ಬಂಗಾರ, ಬುನಾದಿಗೆ ಶತ್ರು. ಮಳೆಗಾಲಕ್ಕೆ ಉಬ್ಬುತ್ತದೆ, ಬೇಸಿಗೆಗೆ ಕೈ ಹಿಡಿಸುವಷ್ಟು ಬಿರುಕು ಬಿಡುತ್ತದೆ, ಮೇಲಿನ ಗೋಡೆಯನ್ನೂ ಜೊತೆಗೆ ಎಳೆದಾಡುತ್ತದೆ. ಖಾನಾಪುರದ ಕಡೆಯ ಕೆಂಪು ನೆಲದಲ್ಲಿ ಕಟ್ಟಿದವರ ಬುನಾದಿ ಖರ್ಚು ಕೇಳಿಕೊಂಡು ಬಂದು ಇಲ್ಲಿ ಎಸ್ಟಿಮೇಟು ಬರೆಸಬೇಡಿ. ಎರೆ ತೆಳುವಾಗಿದ್ದರೆ ಅದನ್ನು ಪೂರ್ತಿ ತೆಗೆದು ಅಡಿಯ ಗಟ್ಟಿ ಗರಸಿನ (ಕಲ್ಲು ಬೆರೆತ ಮಣ್ಣಿನ) ಮೇಲೆ ಫುಟಿಂಗ್, ಅಂದರೆ ಕಾಲಮ್ಮಿನ ಪಾದ, ಕೂರಿಸಬಹುದು. ಆಳವಾಗಿದ್ದರೆ ಅಂಡರ್‌ರೀಮ್ಡ್ ಪೈಲ್ ಬೇಕಾಗಬಹುದು, ಅಂದರೆ ತಳದಲ್ಲಿ ಗಡ್ಡೆಯಂತೆ ಅಗಲವಾದ ಕಾಂಕ್ರೀಟ್ ಕಂಬ. ಆಳದ ಎರೆಯಲ್ಲಿ ಅದರ ಉದ್ದ ಕನಿಷ್ಠ 3.5 ಮೀಟರ್ ಇರಬೇಕೆಂದು ಪೈಲ್ ಬುನಾದಿಯ ಭಾರತೀಯ ಮಾನಕ ಐಎಸ್ 2911 ಹೇಳುತ್ತದೆ, ಯಾಕೆಂದರೆ ಮೇಲಿನ ಅಷ್ಟು ಮಣ್ಣು ಋತುವಿಗೆ ತಕ್ಕಂತೆ ಅಲುಗಾಡುತ್ತಲೇ ಇರುತ್ತದೆ.

ಈಗ ಲೆಕ್ಕ ನೋಡಿ. ಸಾಲಕ್ಕೆಂದು ತರಾತುರಿಯಲ್ಲಿ ಬರೆಸಿದ 30 ಲಕ್ಷದ ಎಸ್ಟಿಮೇಟಿನಲ್ಲಿ ಬುನಾದಿಗೆ ಶೇ. 15, ಅಂದರೆ ನಾಲ್ಕೂವರೆ ಲಕ್ಷ ತೋರಿಸಿದೆ ಅಂತ ಇಟ್ಟುಕೊಳ್ಳಿ. ಅಗೆದಾಗ ಎಂಟು ಅಡಿ ಎರೆ ಸಿಕ್ಕಿತು, ಖರ್ಚು ಎಂಟು ಲಕ್ಷಕ್ಕೆ ಹೋಯಿತು. ಬ್ಯಾಂಕಿನ ಎಂಜಿನಿಯರು ಬಂದು “ಪ್ಲಿಂತ್ (ಬುನಾದಿಯ ಮೇಲಿನ ಕಟ್ಟೆ) ಮುಗಿದಿದೆ, ಕೆಲಸ ಶೇ. 15” ಎಂದೇ ಬರೆಯುತ್ತಾರೆ. ನೆಲದೊಳಗೆ ಹೂತುಹೋದ ಹೆಚ್ಚಿನ ಮೂರೂವರೆ ಲಕ್ಷ ಅವರ ವರದಿಯಲ್ಲಿ ಎಲ್ಲೂ ಕಾಣುವುದಿಲ್ಲ. ಆ ಕೊರತೆ ಆಗಲೇ ಬಾಧಿಸುವುದೂ ಇಲ್ಲ. ಮೊದಲ ಕಂತಿನಲ್ಲಿ ಇಟ್ಟಂಗಿ ಬರುತ್ತದೆ, ಗೌಂಡಿಗಳ ಪಗಾರ ನಡೆಯುತ್ತದೆ, ಗೋಡೆ ಏಳುತ್ತದೆ. ಸ್ಲ್ಯಾಬಿನ ಹೊತ್ತಿಗೆ ಕೈ ಖಾಲಿ. ಸ್ಲ್ಯಾಬಿನ ಕಂತು ಬಹಳಷ್ಟು ಕಡೆ ಸ್ಲ್ಯಾಬ್ ಬಿದ್ದ ಮೇಲೆಯೇ ಬಿಡುಗಡೆಯಾಗುವುದು.

ಸ್ಲ್ಯಾಬಿನ ವಾರಕ್ಕೆ ಎಷ್ಟು ಬೇಕು ಅಂತ ಮೊದಲೇ ಅಂದಾಜಿರಲಿ. ಸಾವಿರ ಚದರ ಅಡಿ, ಐದು ಇಂಚು ದಪ್ಪ, ಎಂ20 ದರ್ಜೆಯ ಕಾಂಕ್ರೀಟ್: ಬೀಮು ಬಿಟ್ಟು ಸುಮಾರು 95 ಚೀಲ ಸಿಮೆಂಟು, ಎರಡು ಬ್ರಾಸಿನ (ಒಂದು ಬ್ರಾಸ್ ಅಂದರೆ ನೂರು ಘನ ಅಡಿ) ಹತ್ತಿರ ಉಸುಕು, ಮೂರೂವರೆ ಬ್ರಾಸ್ ಖಡಿ, ಒಂದು ಟನ್ನಿನ ಆಸುಪಾಸು ಕಬ್ಬಿಣ. ಜೊತೆಗೆ ಸೆಂಟ್ರಿಂಗ್ ಬಾಡಿಗೆ, ಮಿಕ್ಸರು, ಆಳುಗಳು. ಇಷ್ಟನ್ನೂ ಒಂದೇ ಸಲಕ್ಕೆ ಹೊಂದಿಸಬೇಕು, ಅರ್ಧ ಸ್ಲ್ಯಾಬ್ ಈಗ, ಅರ್ಧ ಮುಂದಿನ ತಿಂಗಳು ಅಂತ ಹಾಕುವಂತಿಲ್ಲ.

ಕೆಲಸ ನಿಂತಾಗ ಬಡ್ಡಿ ನಿಲ್ಲುವುದಿಲ್ಲ. ಬಿಡುಗಡೆಯಾದಷ್ಟು ಹಣಕ್ಕೆ ಕಟ್ಟುವ ಬರೀ ಬಡ್ಡಿಯೇ ಪ್ರೀ-ಇಎಂಐ. 10 ಲಕ್ಷ ಬಂದಿದ್ದು ಬಡ್ಡಿ ಶೇ. 8.5 ಇದ್ದರೆ ತಿಂಗಳಿಗೆ 7,083 ರೂಪಾಯಿ. ಒಂದು ವರ್ಷ ಕೆಲಸ ನಿಂತರೆ 85,000 ಹೋಯಿತು, ಅಸಲಿನಲ್ಲಿ ಒಂದು ರೂಪಾಯಿಯೂ ಕಡಿಮೆಯಾಗಲಿಲ್ಲ, ಬಾಡಿಗೆ ಮನೆ ಖರ್ಚು ಬೇರೆ. ಪೂರ್ತಿ 24 ಲಕ್ಷ ಪಡೆದು 20 ವರ್ಷಕ್ಕೆ ಕಟ್ಟುವ ಇಎಂಐ ಇದೇ ದರದಲ್ಲಿ ಸುಮಾರು 20,800. ಪ್ರೀ-ಇಎಂಐ ಕಟ್ಟುತ್ತಾ “ಸಾಲ ತೀರಿಸ್ತಾ ಇದೀನಿ” ಅಂದುಕೊಂಡವರು ಬಹಳ ಜನ.

ಎಸ್ಟಿಮೇಟು ಬರೆಸುವಾಗ ಬಿಲ್ಟ್-ಅಪ್ ಏರಿಯಾ, ಕಾರ್ಪೆಟ್ ಏರಿಯಾ (ಗೋಡೆ ಬಿಟ್ಟು ಒಳಗಿನ ಜಾಗ) ಎಂಬ ಗೊಂದಲವೂ ಇದೆ, ಆದರೆ ಅದು ಸಣ್ಣದು. ಗುತ್ತಿಗೆದಾರ ಚದರ ಅಡಿ ದರ ಹೇಳುವುದು ಗೋಡೆ ದಪ್ಪವೂ ಸೇರಿದ ಬಿಲ್ಟ್-ಅಪ್ ಏರಿಯಾಗೆ. ನೀರಿನ ಸಂಪು, ಕಂಪೌಂಡ್, ಬೋರು ಅದರಲ್ಲಿ ಸೇರಿದೆಯೋ ಇಲ್ಲವೋ ಕೇಳಿ, ಸಾಮಾನ್ಯವಾಗಿ ಇರುವುದಿಲ್ಲ.

ಹಾಗಾದರೆ ಏನು ಮಾಡಬೇಕು? ಅರ್ಜಿ ಹಾಕುವ ಮೊದಲೇ ಸೈಟಿನ ಎದುರು ಬದುರು ಮೂಲೆಗಳಲ್ಲಿ ಗರಸು ಸಿಗುವವರೆಗೆ ಎರಡು ಗುಂಡಿ ತೋಡಿಸಿ. ಒಂದು ಸಾಲದು, ಮೂವತ್ತು ಅಡಿಯೊಳಗೇ ಎರೆಯ ಆಳ ಬದಲಾಗುವುದುಂಟು. ಎಂಜಿನಿಯರು ಅದನ್ನು ನೋಡಿ ಬುನಾದಿಯ ಡಿಸೈನ್ ಮಾಡಲಿ, ಅಗೆತ, ಗರಸು ತುಂಬಿಸುವುದು, ಪೈಲ್, ಪ್ಲಿಂತ್ ಬೀಮ್ ಎಲ್ಲಕ್ಕೂ ಎಸ್ಟಿಮೇಟಿನಲ್ಲಿ ಬೇರೆ ಬೇರೆ ಸಾಲು ಬರಲಿ. ಬುನಾದಿ ಶೇ. 25 ಆಗುವುದಿದ್ದರೆ 25 ಎಂದೇ ಬರೆಸಿ. ಕಡಿಮೆ ತೋರಿಸಿದರೆ ಸಾಲ ಬೇಗ ಆಗುತ್ತದೆ ಎಂಬ ಮಧ್ಯವರ್ತಿಗಳ ಮಾತು ಕೇಳಬೇಡಿ. ಆಮೇಲೆ ಬ್ಯಾಂಕಿನಿಂದ ಯಾವ ಹಂತಕ್ಕೆ ಶೇಕಡಾ ಎಷ್ಟು ಎಂಬ ಪಟ್ಟಿಯನ್ನು ಬರಹದಲ್ಲಿ ತೆಗೆದುಕೊಂಡು ನಿಮ್ಮ ಎಸ್ಟಿಮೇಟಿನ ಪಕ್ಕ ಇಟ್ಟು ನೋಡಿ. ಎರಡಕ್ಕೂ ತಾಳೆಯಾಗದಿದ್ದರೆ ಮೊದಲ ಕಂತು ಎತ್ತುವ ಮುಂಚೆಯೇ ತಿದ್ದುಪಡಿ ಕೇಳಿ. ನಡುವೆ ಹೋಗಿ ಸಾಲ ಹೆಚ್ಚಿಸಿ ಎಂದರೆ ಆದಾಯದ ಪರಿಶೀಲನೆ, ಮೌಲ್ಯಮಾಪನ ಮತ್ತೆ ಮೊದಲಿನಿಂದ ಆಗಬೇಕಾಗಬಹುದು, ಅಷ್ಟರಲ್ಲಿ ಗೌಂಡಿ ಬೇರೆ ಕೆಲಸ ಹಿಡಿದಿರುತ್ತಾನೆ.

ಈಗಾಗಲೇ ನಿಂತುಹೋದ ಮನೆಯಾದರೆ, ಹೊರಗೆ ಚಾಚಿದ ರಾಡುಗಳಿಗೆ ಸಿಮೆಂಟಿನ ತಿಳಿ ಬಳಿಸಿ, ಪ್ಲಿಂತ್ ಸುತ್ತ ಮಳೆನೀರು ನಿಲ್ಲದಂತೆ ಇಳಿಜಾರು ಮಾಡಿಸಿ. ಎರೆಗೆ ನೀರು ಇಳಿದರೆ, ಮೇಲೆ ಇನ್ನೂ ಭಾರ ಬೀಳದ ಗೋಡೆ ಸ್ಲ್ಯಾಬಿಗಿಂತ ಮೊದಲೇ ಸೀಳುತ್ತದೆ.