ಮದ್ದಿಗೆ ಬಗ್ಗದ ಜಂತುಹುಳು: ಕುರಿಯ ಹೀಮಾಂಕಸ್ ಮತ್ತು ಔಷಧ ನಿರೋಧಕತೆ

ಜಂತು ಔಷಧಿ ಕುಡಿಸಿ ಹದಿನೈದು ದಿನವಾದರೂ ಕುರಿಯ ಗದ್ದದ ಬಾವು ಇಳಿದಿಲ್ಲ. ಇಷ್ಟಕ್ಕೇ "ಹುಳು ಔಷಧಿಗೆ ಬಗ್ಗುತ್ತಿಲ್ಲ" ಎಂದು ಬರೆದುಬಿಡಬೇಡಿ. ಒಳಗಿರುವ ಹುಳುವೇ ಬೇರೆ ಇರಬಹುದು. ಒಳಗಿರುವ ಹುಳುವೇ ಬೇರೆ ಇರಬಹುದು. ಇವೆರಡೂ ಅಲ್ಲ ಎಂದಾದ ಮೇಲೆ ನಿರೋಧಕತೆಯ ಮಾತು. ಟಿಪ್ಪಣಿಯನ್ನೂ ಇದೇ ಸರದಿಯಲ್ಲಿ ಓದಿಕೊಳ್ಳಿ.

ಹುಳು ಯಾವುದು?

ಮಳೆ ಮತ್ತು ಬೆಚ್ಚನೆಯ ಹವೆ ಕೂಡಿಬರುವ ನಮ್ಮಂಥ ಕಡೆ ಕುರಿಯನ್ನು ಹೆಚ್ಚು ಕೊಲ್ಲುವ ದುಂಡುಹುಳು ಹೀಮಾಂಕಸ್ ಕಂಟಾರ್ಟಸ್. ಕರುಳಿನ ಹುಳು ಎಂದು ಕರೆಯುವ ರೂಢಿ ಇದ್ದರೂ ಅದು ಇರುವುದು ನಾಲ್ಕನೇ ಹೊಟ್ಟೆಯಲ್ಲಿ, ಅಂದರೆ ಅಬೊಮೇಸಮ್‌ನಲ್ಲಿ. ಸತ್ತ ಕುರಿಯ ಈ ಹೊಟ್ಟೆಯನ್ನು ತಡಮಾಡದೆ ಸೀಳಿ ನೋಡಿದರೆ ಎರಡು-ಮೂರು ಸೆಂ.ಮೀ. ಉದ್ದದ ಹೆಣ್ಣುಹುಳುಗಳು ಬರಿಗಣ್ಣಿಗೇ ಕಾಣುತ್ತವೆ. ರಕ್ತ ತುಂಬಿದ ಕೆಂಪು ಕರುಳಿನ ಸುತ್ತ ಬಿಳಿ ಅಂಡಾಶಯ ಸುತ್ತಿಕೊಂಡು, ಕೆಂಪು-ಬಿಳಿ ನೂಲನ್ನು ಹೊಸೆದ ಹುರಿಯ ಹಾಗಿರುತ್ತವೆ.

ಒಂದು ಹುಳು ದಿನಕ್ಕೆ ಸುಮಾರು 0.05 ಮಿ.ಲೀ. ರಕ್ತ ಕಳೆಯುತ್ತದೆ. 5,000 ಹುಳುಗಳಿದ್ದರೆ ದಿನಕ್ಕೆ 250 ಮಿ.ಲೀ. 30 ಕಿಲೋ ಕುರಿಯ ಮೈಯಲ್ಲಿರುವ ಒಟ್ಟು ರಕ್ತವೇ ಎರಡು ಲೀಟರ್ ಆಸುಪಾಸು. ಹೀಗಾಗಿ ನಿನ್ನೆ ಮೇಯುತ್ತಿದ್ದ ಕುರಿ ಇಂದು ಬಿದ್ದಿರುತ್ತದೆ. ಹೆಣ್ಣುಹುಳು ದಿನಕ್ಕೆ 5,000ದಿಂದ 10,000 ಮೊಟ್ಟೆ ಇಡುತ್ತದೆ. ತೇವ, ಬಿಸಿ ಎರಡೂ ಇದ್ದರೆ ಹಿಕ್ಕೆಯಲ್ಲಿನ ಮೊಟ್ಟೆ ವಾರದೊಳಗೆ ಮೂರನೇ ಹಂತದ ಮರಿಹುಳುವಾಗಿ ಹುಲ್ಲೇರುತ್ತದೆ. ಅದನ್ನು ಕುರಿ ಮೇದ ಮೂರು ವಾರಕ್ಕೆ ಹೊಸ ಹುಳು ಮೊಟ್ಟೆ ಇಡಲು ಶುರುಮಾಡುತ್ತದೆ.

ಗುರುತು: ಬಿಳಿಚಿದ ಕಣ್ಣಿನ ಒಳರೆಪ್ಪೆ, ಗದ್ದದ ಕೆಳಗೆ ನೀರು ತುಂಬಿದ ಬಾವು, ನಿತ್ರಾಣ. ಭೇದಿ ಸಾಮಾನ್ಯವಾಗಿ ಇರುವುದಿಲ್ಲ, ಹಿಕ್ಕೆ ಗಟ್ಟಿಯಾಗಿಯೇ ಬೀಳುತ್ತದೆ. ಬಹಳ ಜನ ಎಡವುವುದು ಇಲ್ಲೇ. ಭೇದಿಯೇ ಮುಖ್ಯ ತೊಂದರೆಯಾಗಿದ್ದರೆ ಸಣ್ಣ ಕರುಳಿನ ಟ್ರೈಕೋಸ್ಟ್ರಾಂಜೈಲಸ್ ಹುಳು, ಮರಿಗಳಾದರೆ ಕಾಕ್ಸಿಡಿಯಾ ಎಂಬ ಏಕಕೋಶ ಪರಾವಲಂಬಿಯ ಕಡೆಗೆ ಯೋಚಿಸಿ. ಕೆರೆ ಅಂಗಳದಲ್ಲಿ ಮೇಯುವ ಹಿಂಡಿಗೆ ಯಕೃತ್ತಿನ ಚಪ್ಪಟೆ ಹುಳುವಿನಿಂದಲೂ ಇದೇ ಗದ್ದದ ಬಾವು ಬರುತ್ತದೆ. ಆ ಹುಳುವಿನ ಮೊಟ್ಟೆ ಭಾರ, ಹಿಕ್ಕೆ ಪರೀಕ್ಷೆಗೆ ಬಳಸುವ ಉಪ್ಪುನೀರಿನಲ್ಲಿ ತೇಲುವುದಿಲ್ಲ. ತಳಕ್ಕೆ ಇಳಿಸಿ ನೋಡುವ ಪರೀಕ್ಷೆಯೇ ಬೇಕು. ಐವರ್ಮೆಕ್ಟಿನ್ ಎಂಬ ಜಂತು ಔಷಧಿ ಚಪ್ಪಟೆ ಹುಳುವಿಗೆ ಏನೂ ಮಾಡದು. ಅದನ್ನು ಕೊಟ್ಟು ಬಾವು ಇಳಿಯಲಿಲ್ಲ ಎಂದರೆ ಅದು ನಿರೋಧಕತೆ ಅಲ್ಲ.

ಔಷಧಿ ಹೊಟ್ಟೆ ಸೇರಿತೇ?

ಶೇ 2.5ರ ಆಲ್ಬೆಂಡಜೋಲ್ ಜಂತು ಔಷಧಿಯಲ್ಲಿ ಒಂದು ಮಿ.ಲೀ.ಗೆ 25 ಮಿ.ಗ್ರಾಂ ಔಷಧಿ ಇರುತ್ತದೆ. ದುಂಡುಹುಳುವಿಗೆ ಕಿಲೋಗೆ 5 ಮಿ.ಗ್ರಾಂ ಎಂದು ಹಿಡಿದರೆ (ಕೆಲವು ಲೇಬಲ್‌ಗಳಲ್ಲಿ 7.5 ಇರುತ್ತದೆ) 30 ಕಿಲೋ ಕುರಿಗೆ 6 ಮಿ.ಲೀ., 45 ಕಿಲೋ ಟಗರಿಗೆ 9 ಮಿ.ಲೀ. ಎಲ್ಲಕ್ಕೂ ಒಂದೇ ಎಂದು ಟಗರಿಗೂ 6 ಮಿ.ಲೀ. ಹಾಕಿದರೆ ಅದಕ್ಕೆ ಸಿಗುವುದು ಕಿಲೋಗೆ 3.3 ಮಿ.ಗ್ರಾಂ. ಅಷ್ಟರಲ್ಲಿ ಮೆತ್ತನೆಯ (ಔಷಧಿಗೆ ಸುಲಭವಾಗಿ ಬಗ್ಗುವ) ಹುಳು ಸಾಯುತ್ತದೆ, ಅರೆ ನಿರೋಧಕ ಹುಳು ಬದುಕಿ ಮೊಟ್ಟೆ ಇಡುತ್ತದೆ. ಆದ್ದರಿಂದ ಸರಾಸರಿ ತೂಕ ಬಿಡಿ, ಗುಂಪಿನ ಅತಿ ಭಾರದ ಕುರಿಯನ್ನು ತೂಗಿ ಆ ಅಳತೆ ಹಾಕಿ. ತೂಕದ ಅಂತರ ಹೆಚ್ಚಿದ್ದರೆ ಹಿಂಡನ್ನು ಎರಡು-ಮೂರು ಗುಂಪು ಮಾಡಿ. ಲೆವಮಿಸೋಲ್ (ಕಿಲೋಗೆ 7.5 ಮಿ.ಗ್ರಾಂ) ಮತ್ತು ಕ್ಲೋಸಾಂಟೆಲ್ (10 ಮಿ.ಗ್ರಾಂ) ಎಂಬ ಬೇರೆ ವರ್ಗದ ಜಂತು ಔಷಧಿಗಳ ವಿಷಯದಲ್ಲಿ ಮಾತ್ರ ಈ ಧಾರಾಳ ಬೇಡ. ಮೊದಲನೆಯದು ಹೆಚ್ಚಾದರೆ ವಿಷವಾಗುತ್ತದೆ, ಎರಡನೆಯದು ಹೆಚ್ಚಾದರೆ ಕಣ್ಣು ಹೋಗುತ್ತದೆ. ಗಬ್ಬದ ಮೊದಲ ತಿಂಗಳಲ್ಲಿ ಆಲ್ಬೆಂಡಜೋಲ್ ಕೊಡಬಾರದು, ಹುಟ್ಟುವ ಮರಿಗೆ ಅಂಗವೈಕಲ್ಯ ಬರಬಹುದು.

ಬಾಟಲಿಯನ್ನು ಕುಲುಕದಿದ್ದರೆ ಔಷಧಿ ತಳದಲ್ಲಿ ಕೂತು, ಮೊದಲ ಕುರಿಗಳಿಗೆ ತೆಳು ನೀರು, ಕೊನೆಯವಕ್ಕೆ ಗಟ್ಟಿ ಮದ್ದು ಹೋಗುತ್ತದೆ. ಕುಡಿಸುವ ಗನ್ ಬಳಸುವುದಾದರೆ ಹತ್ತು ಸಲ ಒತ್ತಿ ಅಳತೆ ಪಾತ್ರೆಗೆ ಬಿಟ್ಟು ನೋಡಿ: 6ಕ್ಕೆ ಇಟ್ಟ ಗನ್‌ನಿಂದ 60 ಮಿ.ಲೀ. ಬರಬೇಕು. ಮೂತಿಯನ್ನು ಬಾಯಿಯ ಬದಿಯಿಂದ ತೂರಿಸಿ ನಾಲಿಗೆಯ ಬುಡದ ಮೇಲೆ ಬಿಡಬೇಕು. ಬಾಯಿ ಮುಂಭಾಗದಲ್ಲಿ ಬಿಟ್ಟರೆ, ಮರಿಯಲ್ಲಿ ಹಾಲನ್ನು ನೇರ ನಾಲ್ಕನೇ ಹೊಟ್ಟೆಗೆ ಸಾಗಿಸುವ ತೋಡು ಕೊಳವೆಯಂತೆ ಮುಚ್ಚಿಕೊಂಡು, ಔಷಧಿ ಮೊದಲ ಹೊಟ್ಟೆಯನ್ನು ತಪ್ಪಿಸಿ ಬೇಗ ಹೊರಬೀಳುತ್ತದೆ. ಬೆಂಡಜೋಲ್‌ಗಳು (ಆಲ್ಬೆಂಡಜೋಲ್ ಮತ್ತು ಅದರ ವರ್ಗದ ಔಷಧಿಗಳು) ಕೆಲಸ ಮಾಡುವುದು ಮೊದಲ ಹೊಟ್ಟೆಯಲ್ಲಿ ನಿಂತು ನಿಧಾನವಾಗಿ ಇಳಿಯುವಾಗ. ಹಿಂದಿನ ರಾತ್ರಿ ಮೇವು ತಪ್ಪಿಸಿ ನೀರು ಮಾತ್ರ ಕೊಟ್ಟರೆ ಪರಿಣಾಮ ಇನ್ನೂ ಹೆಚ್ಚುತ್ತದೆ. ತುಂಬು ಗಬ್ಬದ, ಸೊರಗಿದ ಕುರಿಗಳಿಗೆ ಇದು ಬೇಡ.

ನಿರೋಧಕತೆ ಹೇಗೆ ಬೆಳೆಯುತ್ತದೆ?

ಔಷಧಿ ಹುಳುವನ್ನು ಬದಲಾಯಿಸುವುದಿಲ್ಲ, ಬಗ್ಗುವುದನ್ನು ಕೊಂದು ಬಗ್ಗದ್ದನ್ನು ಆರಿಸುತ್ತದೆ. ಬೆಂಡಜೋಲ್‌ಗಳು ಹುಳುವಿನ ಬೀಟಾ-ಟ್ಯೂಬ್ಯುಲಿನ್ ಪ್ರೊಟೀನಿಗೆ ಅಂಟಿ ಕೊಲ್ಲುತ್ತವೆ. ಆ ಪ್ರೊಟೀನಿನ 200ನೇ ಸ್ಥಾನದಲ್ಲಿ ಫೀನೈಲ್‌ಅಲನೈನ್ ಎಂಬ ಅಮೈನೊ ಆಮ್ಲದ ಬದಲು ಟೈರೋಸಿನ್ ಇರುವ ಹುಳುವಿಗೆ ಔಷಧಿ ಅಂಟುವುದಿಲ್ಲ. ಆಲ್ಬೆಂಡಜೋಲ್‌ಗೆ ಬಗ್ಗದ್ದು ಫೆನ್‌ಬೆಂಡಜೋಲ್‌ಗೂ ಬಗ್ಗದಿರುವುದು ಇದೇ ಕಾರಣಕ್ಕೆ. ಅಂಗಡಿಯಲ್ಲಿ ಕಂಪನಿ ಬದಲಿಸಿದರೆ ಔಷಧಿ ಬದಲಾಗುವುದಿಲ್ಲ; ಲೇಬಲ್‌ನಲ್ಲಿ ಔಷಧದ ಮೂಲ ಹೆಸರು ಓದಿ.

ಇತಿಹಾಸ ನೋಡಿದರೆ ಎದೆ ಝಲ್ಲೆನ್ನುತ್ತದೆ. ಇದೇ ವರ್ಗದ ಥಯಾಬೆಂಡಜೋಲ್ 1961ರಲ್ಲಿ ಬಂತು, 1964ಕ್ಕೇ ಅಮೆರಿಕದಲ್ಲಿ ನಿರೋಧಕ ಹೀಮಾಂಕಸ್ ಸಿಕ್ಕಿತು. ಭಾರತದಿಂದ ವರದಿ 1976ರಲ್ಲಿ ಬಂತು. ಬೇರೆ ವರ್ಗದ ಜಂತು ಔಷಧಿ ಮೊನೆಪಾಂಟೆಲ್ 2009ರಲ್ಲಿ ನ್ಯೂಜಿಲೆಂಡಿನ ಮಾರುಕಟ್ಟೆಗೆ ಬಂದು, 2013ರಲ್ಲಿ ಅಲ್ಲಿಂದಲೇ ಸೋಲಿನ ವರದಿ ಹೊರಬಿತ್ತು. ಕಜ್ಜಿಗೆ, ಉಣ್ಣಿಗೆ ಎಂದು ಚುಚ್ಚುವ ಐವರ್ಮೆಕ್ಟಿನ್ ಕೂಡ ಪ್ರತಿ ಸಲ ಹೊಟ್ಟೆಯ ಹುಳುವನ್ನು ಆರಿಸುತ್ತಿರುತ್ತದೆ. ಜಂತು ಔಷಧಿ ಕೊಟ್ಟ ಲೆಕ್ಕ ಬರೆಯುವಾಗ ಅದನ್ನೂ ಸೇರಿಸಿ.

ಮೊಟ್ಟೆ ಎಣಿಕೆಯ ಪರೀಕ್ಷೆ

ಔಷಧಿ ಕೊಟ್ಟ ಮೇಲೆ ಹಿಕ್ಕೆಯಲ್ಲಿನ ಹುಳುವಿನ ಮೊಟ್ಟೆ ಎಷ್ಟು ಇಳಿಯಿತೆಂದು ಎಣಿಸಿ ನೋಡುವ ಪರೀಕ್ಷೆ ಇದು. ಎಂಟು ವಾರದಿಂದ ಔಷಧಿ ಬೀಳದ 3ರಿಂದ 6 ತಿಂಗಳ ಮರಿಗಳನ್ನು ಆರಿಸಿ. ಔಷಧಿ ಕೊಡುವ ಗುಂಪಿಗೆ ಕನಿಷ್ಠ 10, ಕೊಡದ ಗುಂಪಿಗೂ ಅಷ್ಟೇ. ಶುರುವಿನಲ್ಲಿ ಸರಾಸರಿ ಗ್ರಾಂಗೆ 150 ಮೊಟ್ಟೆಯಾದರೂ ಇರಬೇಕು. ಹಿಕ್ಕೆಯನ್ನು ನೆಲದಿಂದ ಹೆಕ್ಕದೆ ಗುದದಿಂದಲೇ ತೆಗೆದು ತಂಪಿನಲ್ಲಿಡಿ. ಬಿಸಿಲಲ್ಲಿ ಒಂದು ದಿನ ಉಳಿದರೆ ಮೊಟ್ಟೆ ಒಡೆದು ಮರಿಯಾಗಿ, ಲೆಕ್ಕ ಸುಳ್ಳಾಗುತ್ತದೆ.

ಒಂದು ಲೀಟರ್ ಬಿಸಿನೀರಿಗೆ 400 ಗ್ರಾಂ ಅಡುಗೆ ಉಪ್ಪು ಹಾಕಿ ಆರಿಸಿ. ತಳದಲ್ಲಿ ಕರಗದ ಉಪ್ಪು ಉಳಿದರೆ ದ್ರಾವಣ ಸರಿಯಾಗಿದೆ. 3 ಗ್ರಾಂ ಹಿಕ್ಕೆಯನ್ನು 42 ಮಿ.ಲೀ. ದ್ರಾವಣದಲ್ಲಿ ಅರೆದು, ಟೀ ಜಾಲರಿಯಲ್ಲಿ ಸೋಸಿ, ಕಲಕುತ್ತಲೇ ಮ್ಯಾಕ್‌ಮಾಸ್ಟರ್ ಸ್ಲೈಡಿನ (ಮೊಟ್ಟೆ ಎಣಿಸಲು ಗೆರೆ ಹಾಕಿದ ಗಾಜು) ಎರಡೂ ಕೋಣೆ ತುಂಬಿಸಿ. ಐದು ನಿಮಿಷ ಬಿಟ್ಟು, ಮೇಲಿನ ಗಾಜಿನ ಗೆರೆಗಳಿಗೆ ಫೋಕಸ್ ಮಾಡಿ ಎಣಿಸಿ. ಗಾಳಿಗುಳ್ಳೆಗಳು ಅಂಚು ಕಪ್ಪಾಗಿ ಕಾಣುವ ಮಟ್ಟದಲ್ಲೇ ಮೊಟ್ಟೆಗಳೂ ಸಿಗುತ್ತವೆ. ಎರಡೂ ಕೋಣೆಯ ಮೊತ್ತವನ್ನು 50ರಿಂದ ಗುಣಿಸಿದರೆ ಗ್ರಾಂಗೆ ಎಷ್ಟು ಎಂಬುದು ಸಿಗುತ್ತದೆ. ಗೆರೆಯೊಳಗೆ 9 ಮತ್ತು 8 ಕಂಡರೆ 850.

ಎರಡನೇ ಎಣಿಕೆ ಲೆವಮಿಸೋಲ್‌ಗೆ 3–7, ಬೆಂಡಜೋಲ್‌ಗೆ 8–10, ಐವರ್ಮೆಕ್ಟಿನ್‌ಗೆ 14–17 ದಿನಗಳ ನಡುವೆ. ಬದುಕುಳಿದ ಹುಳುವೂ ಐವರ್ಮೆಕ್ಟಿನ್ ಬಿದ್ದಾಗ ಕೆಲದಿನ ಮೊಟ್ಟೆ ಇಡುವುದನ್ನು ನಿಲ್ಲಿಸುವುದರಿಂದ, ಆತುರಪಟ್ಟರೆ ಔಷಧಿ ಗೆದ್ದಂತೆ ಕಾಣುತ್ತದೆ. ಮೂರು ವಾರ ದಾಟಿಸಿದರೆ ಹೊಸ ಹುಳುಗಳ ಮೊಟ್ಟೆ ಬೆರೆಯುತ್ತವೆ.

ಔಷಧಿ ಕೊಡದ ಗುಂಪಿನ ಸರಾಸರಿ 900, ಕೊಟ್ಟದ್ದರ ಸರಾಸರಿ 210 ಎಂದಿಟ್ಟುಕೊಳ್ಳಿ. 210ನ್ನು 900ರಿಂದ ಭಾಗಿಸಿ, ಒಂದರಿಂದ ಕಳೆದು, ನೂರರಿಂದ ಗುಣಿಸಿದರೆ ಇಳಿಕೆ ಶೇ 76.7. ಇಳಿಕೆ 95ಕ್ಕಿಂತ ಕಡಿಮೆ, ಮತ್ತು ಶೇ 95 ವಿಶ್ವಾಸಾಂತರದ (ನಿಜವಾದ ಇಳಿಕೆ ಇರಬಹುದಾದ ಅಂದಾಜು ವ್ಯಾಪ್ತಿ) ಕೆಳಮಿತಿ 90ಕ್ಕಿಂತ ಕಡಿಮೆ, ಎರಡೂ ಇದ್ದರೆ ನಿರೋಧಕತೆ ಖಚಿತ ಎನ್ನುವುದು ಪಶು ಪರಾವಲಂಬಿ ತಜ್ಞರ ವಿಶ್ವ ಸಂಘದ (WAAVP) 1992ರ ಮಾರ್ಗಸೂಚಿಯ ಅಳತೆ. ಒಂದು ಮಿತಿ ನೆನಪಿರಲಿ: ಹುಳುಗಳಲ್ಲಿ ನಿರೋಧಕವು ಶೇ 25 ದಾಟುವ ಮೊದಲು ಈ ಪರೀಕ್ಷೆ ಅದನ್ನು ಹಿಡಿಯುವುದಿಲ್ಲ. ವರದಿ ಚೆನ್ನಾಗಿ ಬಂದ ಹಿಂಡಿನಲ್ಲೂ ಬೀಜ ಬಿದ್ದಿರಬಹುದು.

ಮೆತ್ತನೆಯ ಹುಳುವನ್ನು ಉಳಿಸಿಕೊಳ್ಳುವುದು

ಔಷಧಿ ತಾಗದ ಹುಳು ಹುಲ್ಲಿನಲ್ಲೂ, ಮದ್ದು ಕುಡಿಯದ ಕುರಿಗಳಲ್ಲೂ ಉಳಿಯಬೇಕು. ಅದೇ ನಿರೋಧಕ ಹುಳುವನ್ನು ತೆಳುಗೊಳಿಸುತ್ತದೆ. ಹುಲ್ಲು ಒಣಗಿ ಮರಿಹುಳು ಸತ್ತ ಕಡುಬೇಸಿಗೆಯಲ್ಲಿ ಇಡೀ ಹಿಂಡಿಗೆ ಕುಡಿಸಿದರೆ, ಮಳೆ ಬಿದ್ದಾಗ ಹುಲ್ಲಿಗೆ ಇಳಿಯುವುದು ಬದುಕುಳಿದ ನಿರೋಧಕ ಹುಳುವಿನ ಸಂತಾನವೇ. ಕುಡಿಸಿದ ದಿನವೇ ಹೊಸ ಹುಲ್ಲುಗಾವಲಿಗೆ ಅಟ್ಟುವುದೂ ಇದೇ ತಪ್ಪು.

ಅದಕ್ಕೆ ದಾರಿ ಕಣ್ಣು ನೋಡಿ ಕುಡಿಸುವುದು. ದಕ್ಷಿಣ ಆಫ್ರಿಕಾದಲ್ಲಿ ರೂಪಿಸಿದ ಫಮಾಚಾ ಪಟ್ಟಿಯಲ್ಲಿ ಕೆಂಪಿನಿಂದ ಬಿಳಿಗೆ ಐದು ಬಣ್ಣಗಳಿವೆ. ಹಗಲು ಬೆಳಕಿನಲ್ಲಿ ಮೇಲಿನ ರೆಪ್ಪೆ ಮುಚ್ಚಿ, ಗುಡ್ಡೆಯನ್ನು ಮೆಲ್ಲಗೆ ಒತ್ತಿ, ಕೆಳರೆಪ್ಪೆ ಎಳೆದಾಗ ಉಬ್ಬುವ ಒಳಪೊರೆಯನ್ನು ಹೋಲಿಸಿ. 4, 5 ಬಂದರೆ ಔಷಧಿ. 1, 2 ಬಂದರೆ ಬೇಡ. 3 ಬಂದದ್ದು ಮರಿ, ಗಬ್ಬದ ಕುರಿ ಅಥವಾ ಸೊರಗಿದ್ದಾದರೆ ಕೊಡಿ. ಮಳೆಗಾಲದಲ್ಲಿ ಎರಡು ವಾರಕ್ಕೊಮ್ಮೆ ನೋಡಬೇಕು. ಪ್ರತಿ ಸಲವೂ ಬಿಳಿಚುವ ಕುರಿ ಯಾವುದೆಂದು ಬರೆದಿಡಿ, ಮಾರುವಾಗ ಮೊದಲು ಅದನ್ನು ತೆಗೆಯಬಹುದು. ರಕ್ತ ಹೀರದ ಹುಳುಗಳಿಗೆ ಈ ಪಟ್ಟಿ ನಡೆಯದು.

ಸಂತೆಯಿಂದ ತಂದ ಕುರಿಗೆ ಎರಡು ಬೇರೆ ವರ್ಗದ ಔಷಧಿಗಳನ್ನು ಒಂದೇ ದಿನ, ಪಶುವೈದ್ಯರನ್ನು ಕೇಳಿ ಕೊಟ್ಟು, 48 ಗಂಟೆ ದೊಡ್ಡಿಯಲ್ಲೇ ಇಡಿ. 14ನೇ ದಿನ ಹಿಕ್ಕೆ ನೋಡಿ. ಹಿಂಡಿನಲ್ಲಿ ಮೇಕೆಗಳಿದ್ದರೆ ಅವಕ್ಕೆ ಕುರಿಯ ಅಳತೆ ಸಾಲದು: ಮೇಕೆಯ ಮೈ ಔಷಧಿಯನ್ನು ಬೇಗ ಕರಗಿಸಿ ಹೊರಹಾಕುತ್ತದೆ. ಬೆಂಡಜೋಲ್ ಎರಡು ಪಟ್ಟು, ಲೆವಮಿಸೋಲ್ ಕಿಲೋಗೆ 12 ಮಿ.ಗ್ರಾಂ ಬೇಕು. ಕುರಿಯ ಅಳತೆಯಲ್ಲೇ ಕುಡಿಸಿದ ಮೇಕೆಯೊಳಗೆ ಬದುಕುಳಿದ ಹುಳು, ಅದೇ ಹುಲ್ಲಿನ ಮೂಲಕ ಕುರಿಯ ಹೊಟ್ಟೆಗೆ ಬರುತ್ತದೆ.