ಬೊಜ್ಜಿನ ಬೇರು ತಟ್ಟೆಯಲ್ಲಷ್ಟೇ ಇಲ್ಲ

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2022ರಲ್ಲಿ ಪ್ರಪಂಚದ ಪ್ರತಿ ಎಂಟು ಜನರಲ್ಲಿ ಒಬ್ಬರಿಗೆ ಬೊಜ್ಜಿತ್ತು. 1990ರಿಂದೀಚೆಗೆ ಅದು ವಯಸ್ಕರಲ್ಲಿ ಎರಡು ಪಟ್ಟು ಮೀರಿ ಬೆಳೆದಿದ್ದರೆ, ಮಕ್ಕಳು ಮತ್ತು ಹದಿಹರೆಯದವರಲ್ಲಿ ನಾಲ್ಕು ಪಟ್ಟಾಗಿದೆ. ಇಷ್ಟು ಕಡಿಮೆ ಅವಧಿಯಲ್ಲಿ ಮನುಕುಲದ ವಂಶವಾಹಿಗಳು ಬದಲಾಗುವುದಿಲ್ಲ, ಇಷ್ಟೆಲ್ಲ ದೇಶಗಳ ಜನ ಒಮ್ಮೆಗೇ ಸೋಮಾರಿಗಳಾಗುವುದೂ ಇಲ್ಲ. ಆದರೂ ಮೈಸೂರಿನಲ್ಲಿ ನನ್ನ ಬಳಿ ಬರುವವರು, ಅದರಲ್ಲೂ ಹೆಣ್ಣುಮಕ್ಕಳು, ತಪ್ಪೆಲ್ಲ ತಮ್ಮದೇ ಎಂಬಂತೆ ತಲೆ ತಗ್ಗಿಸಿಯೇ ಮಾತು ಆರಂಭಿಸುತ್ತಾರೆ. ಇದು ನನಗೆ ನಿಜಕ್ಕೂ ನೋವಿನ ಸಂಗತಿ.

ಬದಲಾದದ್ದು ದುಡಿಮೆ ಮತ್ತು ಆಹಾರ. ಮಂಡ್ಯದ ಗದ್ದೆಗಳಿಗೆ ಟ್ರ್ಯಾಕ್ಟರು, ಕೊಯ್ಲಿನ ಯಂತ್ರ ಬಂದವು. ಮುದ್ದೆ, ಸೊಪ್ಪಿನ ಸಾರು ಉಣ್ಣುತ್ತಿದ್ದ ಮನೆಗಳಲ್ಲಿ ಅನ್ನದ ಪಾಲು ಹೆಚ್ಚಿ, ಸಂಜೆಗೆ ಬೇಕರಿ ತಿಂಡಿ, ಪೊಟ್ಟಣದ ಕುರುಕಲು ಸೇರಿದವು. 2019ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗವೊಂದರಲ್ಲಿ 20 ಜನರಿಗೆ ಎರಡು ವಾರ ಕಾರ್ಖಾನೆಯಲ್ಲಿ ಅತಿಯಾಗಿ ಸಂಸ್ಕರಿಸಿದ ಆಹಾರವನ್ನೂ, ಎರಡು ವಾರ ಸಂಸ್ಕರಿಸದ ಆಹಾರವನ್ನೂ ಕೊಟ್ಟು, ಬೇಕಾದಷ್ಟು ತಿನ್ನಲು ಬಿಟ್ಟರು. ಬಡಿಸಿದ್ದರಲ್ಲಿ ಸಕ್ಕರೆ, ಕೊಬ್ಬು, ನಾರು ಸಮವಾಗಿದ್ದರೂ ಮೊದಲನೆಯದನ್ನು ತಿನ್ನುವಾಗ ಅವರು ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚು ಸೇವಿಸಿದರು. ತೂಕ ಸುಮಾರು ಒಂದು ಕಿಲೋ ಏರಿತು. ಆ ಎರಡು ವಾರಗಳಲ್ಲಿ ಅವರ ಮನೋಬಲವೇನೂ ಕುಗ್ಗಿರಲಿಲ್ಲ.

ನಮ್ಮವರ ಮಟ್ಟಿಗೆ ಇನ್ನೂ ಹಿಂದಿನ, ತಾಯಿಯ ಗರ್ಭದಲ್ಲೇ ಶುರುವಾಗುವ ಕಾರಣವೊಂದಿದೆ, ಅದಕ್ಕೆ ಸಾಕ್ಷ್ಯ ಸಿಕ್ಕಿದ್ದು ಮೈಸೂರಿನಲ್ಲೇ. ನಾವು ಮಿಷನ್ ಆಸ್ಪತ್ರೆ ಎನ್ನುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದಲೂ ಕೂಸುಗಳ ಹುಟ್ಟುತೂಕವನ್ನು ಬರೆದಿಡುತ್ತಿದ್ದರು. ಆ ದಾಖಲೆ ಹಿಡಿದು, 1954ರವರೆಗೆ ಅಲ್ಲಿ ಹುಟ್ಟಿದ್ದವರನ್ನು ಹುಡುಕಿ ಪರೀಕ್ಷಿಸಿದಾಗ, ಕಡಿಮೆ ತೂಕದಲ್ಲಿ ಹುಟ್ಟಿದವರಿಗೇ ಹೃದ್ರೋಗ ಹೆಚ್ಚೆಂದು ಕಂಡುಬಂದು, 1996ರಲ್ಲಿ ಪ್ರಕಟವಾಯಿತು. ಮುಂದೆ ಅದೇ ಆಸ್ಪತ್ರೆಯಲ್ಲಿ 1997ರ ಸುಮಾರಿಗೆ ಆರಂಭವಾದ ಅಧ್ಯಯನ, ಇಲ್ಲಿನ ಕೂಸುಗಳು ಯೂರೋಪಿನ ಕೂಸುಗಳಿಗಿಂತ ಸಣ್ಣವಾದರೂ ಅವುಗಳ ಬೆನ್ನಿನ ಚರ್ಮದಡಿಯ ಕೊಬ್ಬು ಮಾತ್ರ ಕಡಿಮೆಯಿಲ್ಲವೆಂದು ತೋರಿಸಿತು. ಬಸಿರಿನಲ್ಲಿ ಸಕ್ಕರೆ ಕಾಯಿಲೆಯಿದ್ದ ತಾಯಂದಿರ ಹೆಣ್ಣುಮಕ್ಕಳಲ್ಲಿ ಐದನೆಯ ವಯಸ್ಸಿಗೇ ಕೊಬ್ಬು ಹೆಚ್ಚಿತ್ತು.

ಹೀಗಾಗಿ ಕೈಕಾಲು ಸಣ್ಣಗಿದ್ದು ಹೊಟ್ಟೆ ಮಾತ್ರ ಬೆಳೆದವರನ್ನು ತೂಕವೊಂದನ್ನೇ ನೋಡಿ ಆರೋಗ್ಯವಂತರೆಂದು ಕಳುಹಿಸಬಾರದು. ಹೊಟ್ಟೆಯ ಸುತ್ತಳತೆ ಗಂಡಸರಲ್ಲಿ 90, ಹೆಂಗಸರಲ್ಲಿ 80 ಸೆಂಟಿಮೀಟರು ಮುಟ್ಟಿದರೆ ಸಕ್ಕರೆ, ರಕ್ತದೊತ್ತಡ ಪರೀಕ್ಷಿಸಬೇಕು. ಬಸುರಿಯರಿಗೆ ಮೊದಲ ಭೇಟಿಯಲ್ಲೇ ಸಕ್ಕರೆ ಪರೀಕ್ಷೆಯಾಗಬೇಕು. ಆಗ ಸರಿಯಿದ್ದರೂ 24ರಿಂದ 28ನೆಯ ವಾರದೊಳಗೆ ಮತ್ತೊಮ್ಮೆ ಮಾಡಿಸಲೇಬೇಕು.