ಕಂದು ನೊರೆ ನಿಲ್ಲುವ ತನಕ ಉಜ್ಜಿ

ನಾನು ಮೈಸೂರಿನಲ್ಲಿ ಗಾಡಿ ತೊಳೆಯುವ ಅಂಗಡಿ ಹಾಕಿದ ಮೊದಲ ವರ್ಷದ ಆಯುಧಪೂಜೆ. ಹಬ್ಬದ ಹಿಂದಿನ ದಿನ ಬೆಳಿಗ್ಗೆ ಆರಕ್ಕೇ ಗಾಡಿಗಳ ಸಾಲು ಕೆಆರ್‌ಎಸ್ ರಸ್ತೆಯ ಅಂಚಿನ ತನಕ ಬಂದಿತ್ತು. ನಾವು ಮೂರೇ ಜನ. ಮಧ್ಯಾಹ್ನದ ಹೊತ್ತಿಗೆ ಕೈ ಸೋತುಹೋಯಿತು, ಟೈರ್ ಪಾಲಿಶ್ ಅನ್ನು ಸ್ಪಂಜಿನಲ್ಲಿ ಹಚ್ಚುವುದು ಬಿಟ್ಟು ಸೀದಾ ಸ್ಪ್ರೇ ಬಾಟಲಿಯಲ್ಲೇ ಹೊಡೆಯೋಕೆ ಶುರು ಮಾಡಿದೆವು. ಟೈರು ಥಳಥಳ ಅಂದಿತು. ಗಿರಾಕಿಗಳು ಖುಷಿಯಾಗಿ ಹುಡುಗರಿಗೆ ಕಾಫಿ ಕಾಸು ಜಾಸ್ತಿನೇ ಕೊಟ್ಟು ಹೋದರು. ಹಬ್ಬ ಮುಗಿದ ಮೇಲೆ ಮಂಡ್ಯದ ಹಿರಿಯರೊಬ್ಬರು ತಮ್ಮ ಬಿಳಿ ಕಾರನ್ನು ತಂದು ಅಂಗಡಿ ಮುಂದೆ ನಿಲ್ಲಿಸಿದರು. "ಏನಪ್ಪಾ, ನನ್ ಗಾಡಿಗೆ ಸಿಡುಬು ಬಂದಂಗದಲ್ಲ!" ನೋಡಿದರೆ ನಾಲ್ಕೂ ಚಕ್ರದ ಹಿಂದೆ, ಬಾಗಿಲಿನ ಅರ್ಧದವರೆಗೆ, ಕಪ್ಪು ಚುಕ್ಕಿ.

"ಕೆಸರು ಗೌಡ್ರೇ" ಅಂತ ತಪ್ಪಿಸಿಕೊಳ್ಳಬಹುದಿತ್ತು. ಆದರೆ ಒಂದು ವಾರದಿಂದ ಮಳೆಯೇ ಬಂದಿರಲಿಲ್ಲ.

ಆಗಿದ್ದು ಇಷ್ಟೇ. ಸಣ್ಣ ಕಾರಿನ ಟೈರು ಒಂದು ಸುತ್ತು ಸುತ್ತಿದರೆ ಗಾಡಿ ಹೆಚ್ಚುಕಡಿಮೆ 1.8 ಮೀಟರ್ ಮುಂದೆ ಹೋಗುತ್ತದೆ. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಹೊರಟರೆ ಆ ಟೈರು ಸೆಕೆಂಡಿಗೆ 15 ಸಲ ತಿರುಗುತ್ತದೆ. ಮೈಮೇಲೆ ಒಣಗದೆ ನಿಂತಿರುವ ಪಾಲಿಶ್ ಹನಿ ಅಲ್ಲಿ ಉಳಿಯುತ್ತದಾ? ಹಾರಿ ಬಾಡಿಗೆ ಹೊಡೆಯುತ್ತದೆ, ಅದರ ಮೇಲೆ ಧೂಳು ಕೂರುತ್ತದೆ, ಕಪ್ಪಾಗುತ್ತದೆ. ಅವರ ಗಾಡಿಯನ್ನು ಪುಕ್ಕಟೆ ತೊಳೆದುಕೊಟ್ಟೆ. ಶಾಂಪೂ ನೀರಿಗೆ ಹೋಗದ ಚುಕ್ಕಿಗಳನ್ನು ಟಾರು ತೆಗೆಯುವ ದ್ರಾವಣ ಹಾಕಿ ಮೆಲ್ಲಗೆ ಒರೆಸಬೇಕಾಯಿತು. ಅರ್ಧ ದಿನ ಹೋಯಿತು. ಟೈರ್ ಪಾಲಿಶ್ ಬಗ್ಗೆ ಸರಿಯಾಗಿ ತಿಳಿದುಕೊಳ್ಳೋಕೆ ಶುರು ಮಾಡಿದ್ದು ಆವತ್ತೇ.

ಈಗಲೂ ಅಂಗಡಿಗೆ ಬರುವವರು ಮೊದಲು ಕೇಳುವುದು "ಯಾವ ಕಂಪನಿದು ಒಳ್ಳೇದು?" ಅಂತ. ನನ್ನ ಉತ್ತರ ಅವರಿಗೆ ಅಷ್ಟು ಇಷ್ಟವಾಗುವುದಿಲ್ಲ. ಬಾಟಲಿ ಆಮೇಲೆ, ಮೊದಲು ಟೈರು ತೊಳೆದ ನೊರೆಯ ಬಣ್ಣ ನೋಡಿ ಅನ್ನುತ್ತೇನೆ.

ಹಳೇ ಟೈರಿಗೆ ಕ್ಲೀನರ್ ಹಾಕಿ ಬ್ರಶ್ಶಿನಲ್ಲಿ ಉಜ್ಜಿದರೆ ನೊರೆ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗುತ್ತದೆ. ಎಲ್ಲರೂ ಅದನ್ನು ಮಣ್ಣು ಅಂದುಕೊಳ್ಳುತ್ತಾರೆ. ಮಣ್ಣೂ ಇರುತ್ತದೆ, ಆದರೆ ಎಲ್ಲವೂ ಮಣ್ಣಲ್ಲ. ರಬ್ಬರಿಗೆ ಗಾಳಿಯಲ್ಲಿರುವ ಓಝೋನ್ ಶತ್ರು, ಅದು ತಾಗಿದರೆ ಎಳೆತದಲ್ಲಿರುವ ರಬ್ಬರು ಬಿರುಕು ಬಿಡುತ್ತದೆ. ಅದನ್ನು ತಡೆಯೋಕೆ ಟೈರು ಮಾಡುವಾಗಲೇ ರಬ್ಬರಿನೊಳಗೆ ಒಂದು ರಾಸಾಯನಿಕ ಮತ್ತು ಮೇಣ ಬೆರೆಸಿರುತ್ತಾರೆ. ಅವು ಒಳಗಿನಿಂದ ನಿಧಾನವಾಗಿ ಮೇಲಕ್ಕೆ ಬರುತ್ತಲೇ ಇರುತ್ತವೆ. ಮೇಲೆ ಬಂದ ರಾಸಾಯನಿಕ ಓಝೋನ್ ಜೊತೆ ತಾನು ಸುಟ್ಟುಕೊಂಡು ರಬ್ಬರನ್ನು ಉಳಿಸುತ್ತದೆ, ಸುಟ್ಟ ಮೇಲೆ ಕಂದಾಗುತ್ತದೆ. ಟೈರು ಕೆಂಪಗಾಗಿದೆ, ಮಾಸಿದೆ ಅಂತ ನೀವು ಬೈಯುವ ಬಣ್ಣ ಇದೇ. ಟೈರಿನ ಕಪ್ಪು ಕೂಡ ಬರೀ ಅಂದಕ್ಕೆ ಬಂದದ್ದಲ್ಲ. ರಬ್ಬರಿಗೆ ಗಟ್ಟಿತನ ಬರಲಿ, ಬೇಗ ಸವೆಯದಿರಲಿ, ಬಿಸಿಲು ತಡೆಯಲಿ ಅಂತ ಸೇರಿಸುವ ಮಸಿಯಂಥ ಪುಡಿ, ಕಾರ್ಬನ್ ಬ್ಲ್ಯಾಕ್. ಅದು ಇಲ್ಲದಿದ್ದರೆ ಟೈರು ಮಾಸಲು ಬಿಳಿ ಇರುತ್ತಿತ್ತು. ಟೈರು ಮಾಡುವ ಊರಲ್ಲೇ ಇದ್ದೀವಿ ನಾವು. ಮೇಟಗಳ್ಳಿಯ ಕಾರ್ಖಾನೆ 1997ರಲ್ಲಿ ಜೆಕೆ ಟೈರ್ ಕೈಗೆ ಹೋದರೂ ಹಿರಿಯರ ಬಾಯಲ್ಲಿ ಇನ್ನೂ ಅದರ ಹಳೇ ಹೆಸರು ವಿಕ್ರಾಂತೇ.

ಈಗ ಹೇಳಿ, ಆ ಕಂದು ಪದರ, ಅದರ ಮೇಲೆ ಹೋದ ತಿಂಗಳ ಪಾಲಿಶ್ಶಿನ ಜಿಡ್ಡು, ಅದರ ಮೇಲೆ ಬ್ರೇಕ್ ಪುಡಿ, ಇಷ್ಟರ ಮೇಲೆ ಹೊಸ ಪಾಲಿಶ್ ಹಚ್ಚಿದರೆ ಅದು ಹಿಡಿದುಕೊಳ್ಳುವುದು ರಬ್ಬರನ್ನಲ್ಲ, ಕೊಳೆಯನ್ನು. ಕೊಳೆ ಎದ್ದಾಗ ಹೊಳಪೂ ಎದ್ದು ಹೋಗುತ್ತದೆ. ಎರಡು ದಿನಕ್ಕೇ ಮಾಸಿತು ಅನ್ನುವ ದೂರುಗಳಲ್ಲಿ ಹತ್ತಕ್ಕೆ ಎಂಟು ಇದೇ ಕತೆ.

ಹಾಗಾಗಿ ಉಜ್ಜಬೇಕು. ನೆರಳಿನಲ್ಲಿ, ಟೈರು ಕೈಗೆ ತಣ್ಣಗೆ ಹತ್ತುವಾಗ. ರಿಮ್ ಮೊದಲು ತೊಳೆದುಬಿಡಿ, ಇಲ್ಲದಿದ್ದರೆ ಅದರ ಕೊಳೆ ಮತ್ತೆ ಟೈರಿಗೆ ಬರುತ್ತದೆ. ಟೈರ್ ಕ್ಲೀನರ್ ಅಂತಲೇ ಸಿಗುತ್ತದೆ, ಅದು ಬೇಡವೆಂದರೆ ಆಲ್ ಪರ್ಪಸ್ ಕ್ಲೀನರ್‌ನ ಒಂದು ಪಾಲಿಗೆ ನಾಲ್ಕು ಪಾಲು ನೀರು. ರಿಮ್‌ಗೆ ಮಾರುವ ಆ್ಯಸಿಡ್ ಬೇಡ. ಗಟ್ಟಿ ನೈಲಾನ್ ಬ್ರಶ್ ಸಾಕು, ಬಟ್ಟೆ ಒಗೆಯುವ ಬ್ರಶ್ ಆದರೂ ನಡೆಯುತ್ತದೆ. ತಂತಿ ಬ್ರಶ್ ಮಾತ್ರ ಮುಟ್ಟಬೇಡಿ. ಒಂದು ಸಲಕ್ಕೆ ಒಂದೇ ಟೈರು, ಕ್ಲೀನರ್ ಒಣಗುವ ಮೊದಲೇ ಉಜ್ಜಿ, ನೀರು ಹಾಕಿ, ಮತ್ತೆ ಕ್ಲೀನರ್. ವರ್ಷಗಟ್ಟಲೆ ಸುಮ್ನೆ ನೀರು ಹೊಡೆಸಿಕೊಂಡು ಬಂದ ಟೈರಿಗೆ ಮೂರು ನಾಲ್ಕು ಸಲವೂ ಬೇಕಾಗುತ್ತದೆ. ನೊರೆ ಬೆಳ್ಳಗೆ ನಿಂತಿತೋ, ಅಲ್ಲಿಗೆ ಬಿಡಿ. ಅನುಮಾನವಿದ್ದರೆ ಬಿಳಿ ಬಟ್ಟೆಯಲ್ಲಿ ಒರೆಸಿ ನೋಡಿ. ಹೊಸ ಟೈರಿಗೂ ಒಂದು ಸಲ ಈ ಸ್ನಾನ ಆಗಬೇಕು, ಅಚ್ಚಿನಿಂದ ಸಲೀಸಾಗಿ ಬಿಡಲಿ ಅಂತ ಹಾಕಿದ ದ್ರವದ ಪಸೆ ಅದರ ಮೇಲೆ ಇರುತ್ತದೆ.

ಇನ್ನು ಬಾಟಲಿಗೆ ಬರೋಣ. ಅಂಗಡಿಯಲ್ಲಿ ಹತ್ತಾರು ಹೆಸರು ಕಂಡರೂ ಜಾತಿ ಮುಖ್ಯವಾಗಿ ಎರಡೇ. ಒಂದು ಹಾಲಿನ ಹಾಗೆ ಬೆಳ್ಳಗಿರುತ್ತದೆ, ಅದು ನೀರಿನದ್ದು. ನೀರಿನಲ್ಲಿ ಸಿಲಿಕೋನ್ ಎಣ್ಣೆಯ ಸಣ್ಣ ಹನಿಗಳನ್ನು ತೇಲಿಸಿರುತ್ತಾರೆ, ನೀರು ಆರಿದ ಮೇಲೆ ಸಿಲಿಕೋನ್ ಪದರ ಉಳಿಯುತ್ತದೆ. ಇನ್ನೊಂದು ತಿಳಿಯಾಗಿ, ಜಿಡ್ಡಾಗಿ, ಮೂಗಿಗೆ ಹಿಡಿದರೆ ಸೀಮೆಎಣ್ಣೆ ಥರ ವಾಸನೆ. ಅದರಲ್ಲಿ ಸಿಲಿಕೋನ್ ಕರಗಿಸಿರುವುದು ಪೆಟ್ರೋಲಿಯಂ ದ್ರಾವಕದಲ್ಲಿ. ಇದು ಜಾಸ್ತಿ ಮಿಂಚುತ್ತದೆ, ಮಳೆಗೂ ಸ್ವಲ್ಪ ಹೆಚ್ಚು ಹೊತ್ತು ತಡೆಯುತ್ತದೆ. ಹಾಗಿದ್ದರೆ ಅದೇ ಒಳ್ಳೇದಲ್ವಾ ಅಂತ ಕೇಳಬಹುದು. ಮೊದಲನೆಯದಾಗಿ ಅದು ಒಣಗೋಕೆ ಹೊತ್ತು ಹಿಡಿಯುತ್ತದೆ, ಹಾರುವುದು ಅದೇ ಹೆಚ್ಚು. ಎರಡನೆಯದಾಗಿ, ಟೈರು ಕಷ್ಟಪಟ್ಟು ಮೇಲಕ್ಕೆ ಕಳಿಸಿದ ಮೇಣವನ್ನು ಅದು ಕರಗಿಸಿ ತೆಗೆಯಬಹುದು. ವರ್ಷಕ್ಕೊಮ್ಮೆ ಮದುವೆ ದಿಬ್ಬಣಕ್ಕೆ ಅಂತ ಹಚ್ಚಿದರೆ ಏನೂ ಆಗಲ್ಲ, ಪ್ರತಿ ವಾರ ಹಚ್ಚುವವರಿಗೆ ನಾನು ನೀರಿನದ್ದನ್ನೇ ಕೊಡುತ್ತೇನೆ.

ಇದಲ್ಲದೆ ಟೈರ್ ಕೋಟಿಂಗ್ ಅಂತ ಒಂದು ಬಂದಿದೆ. ರಬ್ಬರಿಗೆ ಅಂಟಿ ಗಟ್ಟಿಯಾಗುವ ಪದರ. ಬಾಳಿಕೆ ಚೆನ್ನಾಗಿದೆ, ಆದರೆ ದುಬಾರಿ, ಮತ್ತು ಟೈರಿನ ಮೇಲೆ ಕೂದಲೆಳೆಯಷ್ಟು ಜಿಡ್ಡು ಉಳಿದರೂ ಹಿಡಿಯುವುದಿಲ್ಲ. ನಾಲೆ ಏರಿ ಮೇಲೆ ದಿನಾ ಓಡಾಡುವ ಗಾಡಿಗೆ ಅಷ್ಟು ದುಡ್ಡು ಹಾಕಿ ಅಂತ ನಾನಂತೂ ಹೇಳಲ್ಲ.

ನಾಲೆ ಏರಿ ಅಂದಾಗ ನೆನಪಾಯಿತು. ಮಂಡ್ಯ, ಪಾಂಡವಪುರ ಕಡೆಯಿಂದ ಕಬ್ಬು ಕಡಿಯುವ ಸಮಯದಲ್ಲಿ ಬರುವ ಗಾಡಿಗಳ ಟೈರಿಗೆ ಹಿಟ್ಟು ಸವರಿದ ಹಾಗೆ ಧೂಳು ಕೂತಿರುತ್ತದೆ. ಇವರೇ ಹೆಚ್ಚಾಗಿ "ಒಳ್ಳೆ ಮಿಂಚಬೇಕು ಕಣಣ್ಣ" ಅನ್ನುವವರು. ಮಿಂಚುವ ಟೈರು ಅಂದರೆ ಮೇಲೆ ಜಿಡ್ಡು ಇರುವ ಟೈರು. ಗದ್ದೆ ದಾರಿಯಲ್ಲಿ ಒಂದು ಮೈಲಿ ಹೋದರೆ ಆ ಜಿಡ್ಡಿಗೆ ದಾರಿಯ ಧೂಳೆಲ್ಲ ಅಂಟಿ, ಹಚ್ಚದಿದ್ದರೇ ಚೆನ್ನಾಗಿತ್ತು ಅನ್ನುವ ಹಾಗಾಗುತ್ತದೆ. ಇಂಥವರಿಗೆ ನೀರಿನ ಪಾಲಿಶ್ ತೆಳ್ಳಗೆ ಒಂದೇ ಕೈ, ಆಮೇಲೆ ಒಣ ಬಟ್ಟೆಯಲ್ಲಿ ಒರೆಸಿ ಮಂದ ಕಪ್ಪು ಉಳಿಸುತ್ತೇನೆ. ಹೊಸ ಟೈರು ಶೋರೂಮಿನಿಂದ ಬಂದಾಗ ಇರುವ ಬಣ್ಣ ಅದೇ. ನನ್ನ ಕಣ್ಣಿಗೆ ಅದೇ ಚೆಂದ.

ಮನೆಮದ್ದುಗಳ ವಿಷಯ ಬಂದರೆ ನನಗೆ ಸ್ವಲ್ಪ ಸಿಟ್ಟು ಬರುತ್ತದೆ. ಡೀಸೆಲ್ ಬೇಡವೇ ಬೇಡ, ಹಳೇ ಎಂಜಿನ್ ಆಯಿಲ್ ಅಂತೂ ದೇವರಾಣೆಗೂ ಬೇಡ. ಪೆಟ್ರೋಲಿಯಂ ಎಣ್ಣೆಗಳು ಟೈರಿನ ರಬ್ಬರನ್ನು ಉಬ್ಬಿಸಿ ಮೆತ್ತಗೆ ಮಾಡುತ್ತವೆ. ಕೊಬ್ಬರಿ ಎಣ್ಣೆ ಹಚ್ಚಿದರೆ ಧೂಳು ಮೆತ್ತಿಕೊಳ್ಳುತ್ತದೆ, ಆಮೇಲೆ ಕಮಟು ವಾಸನೆ ಬೇರೆ. ಗ್ಲಿಸರಿನ್‌ನಿಂದ ರಬ್ಬರಿಗೆ ತೊಂದರೆಯಿಲ್ಲ, ಹೊಳಪೂ ಬರುತ್ತದೆ, ಮೊದಲ ಮಳೆಗೇ ಕರಗಿ ಹೋಗುತ್ತದೆ ಅಷ್ಟೇ.

ಹಚ್ಚುವ ಕೆಲಸದಲ್ಲಿ ಎಲ್ಲರೂ ಮಾಡುವ ತಪ್ಪು ಅವಸರ. ತೊಳೆದ ಟೈರು ಪೂರ್ತಿ ಒಣಗಬೇಕು, ಅಕ್ಷರಗಳ ಸಂದಿಯ ನೀರೂ ಸೇರಿ. ಬ್ಲೋವರ್ ಇದ್ದರೆ ಸರಿ, ಇಲ್ಲದಿದ್ದರೆ ಬಟ್ಟೆಯಲ್ಲಿ ಒರೆಸಿ ಅರ್ಧ ಗಂಟೆ ಬಿಡಿ, ಅಷ್ಟರಲ್ಲಿ ಗಾಡಿಯ ಒಳಗಿನ ಕೆಲಸ ಮುಗಿಯುತ್ತದೆ. ಬಾಟಲಿ ಚೆನ್ನಾಗಿ ಅಲುಗಿಸಿ, ಪಾಲಿಶ್ ಅನ್ನು ಸ್ಪಂಜಿಗೆ ಹಾಕಿ, ಟೈರಿಗಲ್ಲ. ಒಂದು ಟೈರಿಗೆ ಒಂದೆರಡು ಟೀ ಚಮಚದಷ್ಟು ಸಾಕು, ನಂಬಿ. ಅಕ್ಷರಗಳ ಸಂದಿಗೆ ಒಂದು ಇಂಚಿನ ಪೇಂಟ್ ಬ್ರಶ್ ಇಟ್ಟುಕೊಳ್ಳಿ. ಗಾಡಿಯನ್ನು ಅರ್ಧ ಸುತ್ತು ಮುಂದೆ ತಳ್ಳಿದರೆ ಕೆಳಗೆ ನೆಲದ ಹತ್ತಿರ ತಪ್ಪಿಹೋಗಿದ್ದ ಜಾಗವೂ ಸಿಗುತ್ತದೆ. ಹದಿನೈದು ನಿಮಿಷ ಬಿಟ್ಟು ಹಳೇ ಬನಿಯನ್ ಬಟ್ಟೆಯಲ್ಲಿ ಒರೆಸಿ. ಒರೆಸುವುದು ಯಾಕೆ, ಈಗಷ್ಟೇ ಹಚ್ಚಿದ್ದು ಅಂತ ಹುಡುಗರು ಮುಖ ನೋಡುತ್ತಾರೆ. ರಬ್ಬರು ಕುಡಿಯುವಷ್ಟು ಕುಡಿದಾಗಿದೆ, ಮಿಕ್ಕಿದ್ದು ಬಾಗಿಲಿಗೆ ಹಾರುವ ಮಾಲು. ಇನ್ನೂ ಹೊಳಪು ಬೇಕು ಅನ್ನುವವರಿಗೆ ಅದರ ಮೇಲೆ ಇನ್ನೊಂದು ತೆಳು ಕೈ. ಆಮೇಲೆ ಕನಿಷ್ಠ ಒಂದು ಗಂಟೆ ಗಾಡಿ ಕದಲಿಸಬೇಡಿ, ಸಂಜೆ ಹಚ್ಚಿ ರಾತ್ರಿಯೆಲ್ಲ ಬಿಟ್ಟರೆ ಇನ್ನೂ ಒಳ್ಳೇದು. ಹೀಗೆ ಮಾಡಿದ ಟೈರು ಮೈಸೂರಿನ ಒಣ ಹವೆಯಲ್ಲಿ ಎರಡು ಮೂರು ವಾರ ಕಪ್ಪಗಿರುವುದನ್ನು ನೋಡಿದ್ದೇನೆ, ಆಷಾಢದ ಜಿಟಿಜಿಟಿಯಲ್ಲಿ ಒಂದು ವಾರ ಬಂದರೆ ಪುಣ್ಯ.

ಸ್ಪ್ರೇ ಡಬ್ಬಿ ತೆಗೆದುಕೊಂಡವರು ಒಂದು ವಿಷಯ ನೆನಪಿಡಿ. ಅಲಾಯ್ ಚಕ್ರದ ಸಂದಿಯಿಂದ ಒಳಗೆ ನೋಡಿ, ಕಾಣುವ ಕಬ್ಬಿಣದ ತಟ್ಟೆಯೇ ಬ್ರೇಕ್ ಡಿಸ್ಕ್. ಅದರ ಮೇಲೆ ಸಿಲಿಕೋನ್ ಬಿದ್ದರೆ ಬ್ರೇಕ್ ಜಾರುತ್ತದೆ. ಬಾಡಿಗೆ ಹಾರಿದರೂ ಕಷ್ಟವೇ, ಮುಂದೆ ಯಾವತ್ತಾದರೂ ಅಲ್ಲಿ ಪೇಂಟ್ ಮಾಡಿಸಬೇಕಾದರೆ ಬಣ್ಣ ಹಿಡಿಯದೆ ಮೀನಿನ ಕಣ್ಣಿನ ಹಾಗೆ ಗುಳಿ ಬೀಳುತ್ತದೆ. ಟಿಂಕರಿಂಗ್ ಶೆಡ್ಡಿನವರು ಸಿಲಿಕೋನ್ ಅಂದರೆ ಉರಿದು ಬೀಳುವುದು ಇದಕ್ಕೇ.

ನೆಲಕ್ಕೆ ತಾಗುವ ಗ್ರಿಪ್ಪಿನ ಭಾಗಕ್ಕೆ ಹಚ್ಚಬಾರದು ಅಂತ ಬೇರೆ ಹೇಳಬೇಕಾ? ಹೇಳಬೇಕು, ಯಾಕೆಂದರೆ ಹಚ್ಚುತ್ತಾರೆ. ಬೈಕಿನ ಟೈರಿಗಂತೂ ಎಲ್ಲಿಯೂ ಬೇಡ. ಬೈಕು ತಿರುವಿನಲ್ಲಿ ವಾಲಿದಾಗ ನೆಲ ಹಿಡಿಯುವುದು ಟೈರಿನ ಅಂಚು, ಪಾಲಿಶ್ ಇಳಿದು ಬರುವುದೂ ಅಲ್ಲಿಗೇ. ಚಾಮುಂಡಿ ಬೆಟ್ಟದ ತಿರುವುಗಳಿಗೆ ಹೋಗುವ ಕಾಲೇಜು ಹುಡುಗರು ಎಷ್ಟು ಗೋಗರೆದರೂ ನಾನು ಹಾಕಿಕೊಡುವುದಿಲ್ಲ. "ಪಕ್ಕದ ಅಂಗಡಿಲಿ ಹಾಕ್ತಾರೆ ಬಿಡಿ ಅಣ್ಣ" ಅಂತ ಹೋದವರೂ ಇದ್ದಾರೆ.

ಆಯುಧಪೂಜೆಗೆ ಮಾಡಿಸುವವರು ಹಿಂದಿನ ದಿನವೇ ಮುಗಿಸಿಕೊಳ್ಳಿ. ಹಸಿ ಪಾಲಿಶ್ ಮೇಲೆ ಅರಿಶಿನ ಕುಂಕುಮ ಇಟ್ಟರೆ ಜಿಡ್ಡಿನಲ್ಲಿ ಕಲಸಿಕೊಂಡು ರಾಡಿಯಾಗುತ್ತದೆ, ಆಮೇಲೆ ಕ್ಲೀನರ್ ಹಾಕಿಯೇ ತೆಗೆಯಬೇಕು. ಒಣಗಿದ ಟೈರಾದರೆ ಪೂಜೆ ಮುಗಿದು ನಿಂಬೆಹಣ್ಣು ಹತ್ತಿಸಿದ ಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಹೋಯಿತು.

ಮೈಸೂರಿನಲ್ಲಿ ಇನ್ನೊಂದು ಬಗೆಯ ಗಿರಾಕಿ ಜಾಸ್ತಿ, ರಿಟೈರ್ ಆದ ಮೇಷ್ಟ್ರು, ಬ್ಯಾಂಕಿನವರು. ಕಾರು ಹೊರಗೆ ಬರುವುದು ತರಕಾರಿಗೆ, ಇಲ್ಲ ಆಸ್ಪತ್ರೆಗೆ. ಟೈರಿನ ಗ್ರಿಪ್ ಹೊಸದರ ಹಾಗೇ ಇರುತ್ತದೆ, ಪಕ್ಕೆ ನೋಡಿದರೆ ಸೀಳು ಸೀಳು. ಟೈರು ಉರುಳುತ್ತಾ ಬಾಗಿ ಬಳುಕಿದರೆ ಒಳಗಿನ ಮೇಣ ಮೇಲಕ್ಕೆ ಬರುತ್ತದೆ, ನಿಂತೇ ಇದ್ದರೆ ಸರಿಯಾಗಿ ಬರುವುದಿಲ್ಲ. ಪಾಲಿಶ್ ಹಚ್ಚಿದರೆ ಆ ಸೀಳು ಮುಚ್ಚಿಹೋಗುತ್ತದೆ, ವಾಸಿಯಾಗುವುದಿಲ್ಲ. ಅದಕ್ಕೇ ನಾನು ಹಚ್ಚುವ ಮೊದಲು ಪಕ್ಕೆಯ ಮೇಲೆ ನಾಲ್ಕು ಅಂಕಿ ಹುಡುಕಿ ತೋರಿಸುತ್ತೇನೆ. 2319 ಅಂತ ಇದ್ದರೆ 2019ರ 23ನೇ ವಾರ ತಯಾರಾದದ್ದು. ಸೀಳು ಆಳವಾಗಿದ್ದರೆ, ಎಲ್ಲಾದರೂ ಬುಗುಟೆ ಎದ್ದಿದ್ದರೆ, "ಸಾರ್, ಪಾಲಿಶ್ ದುಡ್ಡು ಉಳಿಸಿ ಟೈರಿಗೆ ಹಾಕಿ" ಅನ್ನುತ್ತೇನೆ. ಸೆಕೆಂಡ್ ಹ್ಯಾಂಡ್ ಗಾಡಿ ನೋಡೋಕೆ ಹೋಗುವವರೂ ಜೇಬಲ್ಲಿ ಒಂದು ಒದ್ದೆ ಬಟ್ಟೆ ಇಟ್ಟುಕೊಳ್ಳಿ, ಮಿರಿಮಿರಿ ಟೈರನ್ನು ಉಜ್ಜಿ ಒಳಗೇನಿದೆ ನೋಡಿ, ಆ ಅಂಕಿ ಓದಿ.

ಪಾಲಿಶ್ ಹಚ್ಚಿದ ಸ್ಪಂಜನ್ನು ತೊಳೆಯುವ ಅಗತ್ಯವಿಲ್ಲ, ಒಂದು ಪ್ಲಾಸ್ಟಿಕ್ ಕವರಿಗೆ ಹಾಕಿ ಕಟ್ಟಿಡಿ, ಮುಂದಿನ ಸಲ ಪಾಲಿಶ್ ಇನ್ನೂ ಕಡಿಮೆ ಹಿಡಿಯುತ್ತದೆ. ಒರೆಸಿದ ಬನಿಯನ್ ಬಟ್ಟೆ ಮಾತ್ರ ಗಾಜು ಒರೆಸುವ ಬಟ್ಟೆಯ ಜೊತೆ ಸೇರದಿರಲಿ. ನಮ್ಮ ಹುಡುಗನೊಬ್ಬ ಒಂದು ಸಲ ಅದರಲ್ಲೇ ಮುಂದಿನ ಗಾಜು ಒರೆಸಿದ್ದ. ಮಳೆ ಬಂದಾಗ ವೈಪರ್ ಹಾಕಿದರೆ ಗಾಜಿನ ತುಂಬಾ ಮಂಜು ಕವಿದ ಹಾಗೆ ಜಿಡ್ಡು, ಆ ಗಿರಾಕಿ ಫೋನ್ ಮಾಡಿದಾಗ ರಾತ್ರಿ ಒಂಬತ್ತೂವರೆ.